ಕಡಲ ತಳದ ಮನೆಯಲ್ಲಿ ದಿನ ಕಳೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದ ತಳದಲ್ಲಿ ಮನೆ ಇದೆ, ಅಲ್ಲಿ ವಿಜ್ಞಾನಿಗಳು ವಾರಗಟ್ಟಲೆ ಇದ್ದು ಕೆಲಸ ಮಾಡುತ್ತಾರೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಊಟ ಏನು, ಶೌಚಾಲಯ ಎಲ್ಲಿ, ಉಸಿರು ಹೇಗೆ, ಭಯ ಆಗಲ್ವಾ? ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉತ್ತರಗಳು ಹೆಚ್ಚಾಗಿ ಅಮೆರಿಕದ ಫ್ಲಾರಿಡಾ ಕರಾವಳಿಯ ‘ಅಕ್ವೇರಿಯಸ್’ ಎಂಬ ಮನೆಯ ಬಗ್ಗೆ. 1990ರ ದಶಕದಿಂದ ಅಲ್ಲಿ ತಂಡದ ಮೇಲೆ ತಂಡ ಇದ್ದು ಬಂದಿರುವುದರಿಂದ, ದಿನನಿತ್ಯದ ವಿವರಗಳು ಅದರ ಬಗ್ಗೆಯೇ ಜಾಸ್ತಿ ಸಿಗುತ್ತವೆ.

ಇದು ಒಂಥರಾ ಸಬ್‌ಮರೀನಾ?

ಅಲ್ಲ. ಸಬ್‌ಮರೀನ್ ಓಡಾಡುತ್ತದೆ, ಇದು ಇದ್ದಲ್ಲೇ ಇರುತ್ತದೆ. ಆದರೆ ದೊಡ್ಡ ವ್ಯತ್ಯಾಸ ಅದಲ್ಲ. ಸಬ್‌ಮರೀನಿನ ಒಳಗೆ ನಾವು ನೆಲದ ಮೇಲೆ ಉಸಿರಾಡುವಷ್ಟೇ ಒತ್ತಡದ ಗಾಳಿ ಇರುತ್ತದೆ. ಹೊರಗಿನ ನೀರಿನ ಭಾರವನ್ನೆಲ್ಲ ದಪ್ಪ ಉಕ್ಕಿನ ಗೋಡೆ ಹೊರುತ್ತದೆ. ಒಳಗಿರುವವರು ಬಾಗಿಲು ತೆಗೆದು ಸುಮ್ನೆ ಹೊರಗೆ ಕಾಲಿಡುವ ಹಾಗಿಲ್ಲ.

ಅಕ್ವೇರಿಯಸ್‌ನಲ್ಲಿ ಒಳಗಿನ ಗಾಳಿಯ ಒತ್ತಡವೂ ಹೊರಗಿನ ನೀರಿನ ಒತ್ತಡವೂ ಒಂದೇ. ಹಾಗಾಗಿ ಬಾಗಿಲು ತೆರೆದೇ ಇರುತ್ತದೆ. ಮೆಟ್ಟಿಲು ಇಳಿದರೆ ನೀರು. ಈ ಮನೆಯಲ್ಲಿ ನಡೆಯುವ ಬಹುತೇಕ ಎಲ್ಲ ವಿಚಿತ್ರಗಳಿಗೂ ಈ ಒಂದು ಸಂಗತಿಯೇ ಕಾರಣ.

ಬಾಗಿಲು ತೆರೆದಿದ್ದರೆ ನೀರು ಒಳಗೆ ನುಗ್ಗಲ್ವಾ?

ಬಾಗಿಲು ಇರುವುದು ನೆಲದಲ್ಲಿ. ಒಳಗಿನ ಗಾಳಿ ನೀರನ್ನು ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಗಾಳಿ ಎಲ್ಲೂ ಸೋರದಿದ್ದರೆ ನೀರು ಮೇಲೆ ಬರುವುದಿಲ್ಲ. ಈ ತೆರೆದ ಕೊಳಕ್ಕೆ ಮೂನ್ ಪೂಲ್ ಅನ್ನುತ್ತಾರೆ. ಅದಿರುವ ಕೋಣೆಗೆ ವೆಟ್ ಪೋರ್ಚ್, ಅಂದರೆ ಒದ್ದೆ ಜಗುಲಿ. ಡೈವ್ ಮುಗಿಸಿ ಬಂದವರು ಸಾಮಾನು ಕಳಚಿ, ಸ್ನಾನ ಮಾಡಿ, ಒರೆಸಿಕೊಂಡ ಮೇಲಷ್ಟೇ ಮುಂದಿನ ಕೋಣೆಗೆ ಹೋಗಬೇಕು.

ಎಲ್ಲಿದೆ? ಎಷ್ಟು ದೊಡ್ಡದು?

ಫ್ಲಾರಿಡಾದ ಕೀ ಲಾರ್ಗೋ ದ್ವೀಪದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಕಾಂಕ್ ರೀಫ್ ಎಂಬ ಹವಳದ ದಿಬ್ಬದ ಪಕ್ಕದಲ್ಲಿ. ಅಲ್ಲಿ ಸಮುದ್ರದ ಆಳ ಸುಮಾರು 19 ಮೀಟರ್. ಮನೆ ಕಾಲುಗಳ ಮೇಲೆ ನಿಂತಿರುವುದರಿಂದ ಬಾಗಿಲು ಸುಮಾರು 14 ಮೀಟರ್ ಆಳದಲ್ಲಿದೆ.

ಉಕ್ಕಿನ ಸಿಲಿಂಡರ್ ಅದು. ಉದ್ದ ಸುಮಾರು 13 ಮೀಟರ್, ಅಗಲ ಮೂರು ಮೀಟರಿಗೂ ಕಡಿಮೆ. ಒಳಗೆ ಓಡಾಡಲು ಸಿಗುವುದು ಸುಮಾರು 400 ಚದರ ಅಡಿ. ಅಷ್ಟರಲ್ಲೇ ಆರು ಹಾಸಿಗೆ, ಒಂದು ಮೇಜು, ಪುಟ್ಟ ಅಡುಗೆ ಮೂಲೆ, ಕಂಪ್ಯೂಟರ್‌ಗಳು, ಗಾಳಿ ಮತ್ತು ವಿದ್ಯುತ್ತಿನ ನಿಯಂತ್ರಣ ಫಲಕ, ಎಲ್ಲವೂ. ಸಾಮಾನ್ಯವಾಗಿ ನಾಲ್ವರು ವಿಜ್ಞಾನಿಗಳು, ಮನೆ ನೋಡಿಕೊಳ್ಳುವ ಇಬ್ಬರು ತಂತ್ರಜ್ಞರು. ಏಕಾಂತ ಬೇಕೆನ್ನುವವರು ಈ ಕಡೆ ತಲೆ ಹಾಕದಿರುವುದೇ ಒಳ್ಳೆಯದು.

ಇದನ್ನು ಕಟ್ಟಿದ್ದು 1986ರಲ್ಲಿ, ಟೆಕ್ಸಸ್ ರಾಜ್ಯದಲ್ಲಿ. ಮೊದಲು ಇಟ್ಟಿದ್ದು ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯಿ ದ್ವೀಪದ ಹತ್ತಿರ. 1989ರಲ್ಲಿ ಹ್ಯೂಗೋ ಚಂಡಮಾರುತ ಬಂದು ಹೋದ ಮೇಲೆ ಎತ್ತಿ ತಂದು ರಿಪೇರಿ ಮಾಡಿ, 1993ರಲ್ಲಿ ಈಗಿನ ಜಾಗಕ್ಕೆ ಇಳಿಸಿದರು. ಅಮೆರಿಕ ಸರ್ಕಾರದ ಸಮುದ್ರ ಸಂಸ್ಥೆ ನೋವಾದ ಆಸ್ತಿಯಾಗಿತ್ತು. ಬಹಳ ವರ್ಷ ನಡೆಸಿದ್ದು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ವಿಲ್ಮಿಂಗ್ಟನ್ ಕ್ಯಾಂಪಸ್. 2013ರಲ್ಲಿ ಹೊಣೆ ಫ್ಲಾರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಕೈಗೆ ಬಂತು.

ಬರೀ 19 ಮೀಟರ್ ತಾನೆ? ದಿನಾ ದೋಣಿಯಲ್ಲಿ ಹೋಗಿ ಡೈವ್ ಮಾಡಿ ಬಂದರೆ ಸಾಲದಾ?

ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ತಿಳಿದರೆ ಉಳಿದದ್ದೆಲ್ಲ ತಾನಾಗೇ ಅರ್ಥವಾಗುತ್ತದೆ.

ಆಳಕ್ಕೆ ಹೋದಂತೆ ನಾವು ಉಸಿರಾಡುವ ಗಾಳಿಯೂ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗುತ್ತದೆ. ಗಾಳಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಸಾರಜನಕ. ಒತ್ತಡದಲ್ಲಿ ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗುತ್ತಾ ಹೋಗುತ್ತದೆ. ಥಟ್ಟನೆ ಮೇಲೆ ಬಂದರೆ ಕರಗಿದ್ದು ಗುಳ್ಳೆಗಳಾಗಿ ಮೈಯೊಳಗೇ ಹೊರಬೀಳುತ್ತದೆ. ಕೀಲು ನೋವಿನಿಂದ ಲಕ್ವದವರೆಗೆ ಏನು ಬೇಕಾದರೂ ಆಗಬಹುದು, ಸಾವೂ ಬರಬಹುದು. ಆದ್ದರಿಂದ 18 ಮೀಟರ್ ಆಳದಲ್ಲಿ ಸಾಮಾನ್ಯ ಡೈವರ್‌ಗೆ ಸಿಗುವುದು ಸುಮಾರು ಒಂದು ಗಂಟೆ. ಅದಕ್ಕಿಂತ ಜಾಸ್ತಿ ಇದ್ದರೆ ಮೇಲೆ ಬರುವಾಗ ನಡುನಡುವೆ ನಿಂತು ನಿಂತು ಬರಬೇಕು. ದಿನದ ಎರಡನೇ ಡೈವ್ ಇನ್ನೂ ಚಿಕ್ಕದು.

ಹವಳದ ಮೇಲೆ ಸೂಕ್ಷ್ಮವಾದ ಪ್ರಯೋಗ ಹೂಡುವವರಿಗೆ ಒಂದು ಗಂಟೆ ಎಲ್ಲಿ ಸಾಕು? ಇಳಿದು, ಜಾಗ ಹುಡುಕಿ, ಉಪಕರಣ ಜೋಡಿಸುವಷ್ಟರಲ್ಲಿ ಏಳುವ ಹೊತ್ತಾಗಿರುತ್ತದೆ.

ಅಮೆರಿಕದ ನೌಕಾಪಡೆಯ ವೈದ್ಯ ಜಾರ್ಜ್ ಬಾಂಡ್ 1950ರ ದಶಕದ ಕೊನೆಯಲ್ಲಿ ಇದರ ಹಿಂದೆ ಬಿದ್ದರು. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪ್ರಯೋಗ. ಅವರ ಲೆಕ್ಕ ಸರಳ. ಒಂದು ಆಳದಲ್ಲಿ ಸುಮಾರು ಒಂದು ದಿನ ಇದ್ದರೆ ಮೈ ಹೀರಬಹುದಾದಷ್ಟು ಅನಿಲವನ್ನು ಹೀರಿ ಮುಗಿಸುತ್ತದೆ. ಆಮೇಲೆ ಹತ್ತು ದಿನ ಇದ್ದರೂ, ತಿಂಗಳು ಇದ್ದರೂ ಹೆಚ್ಚೇನೂ ಸೇರುವುದಿಲ್ಲ. ಅಂದರೆ ಮೇಲೆ ಬರಲು ಬೇಕಾಗುವ ಹೊತ್ತೂ ಅಷ್ಟೇ ಇರುತ್ತದೆ. ಇದನ್ನೇ ಸ್ಯಾಚುರೇಷನ್ ಡೈವಿಂಗ್ ಅನ್ನುವುದು.

ಹಾಗಾದರೆ ಕೆಳಗೇ ಮನೆ ಮಾಡಿಕೊಂಡು, ಕೆಲಸ ಮುಗಿದ ಮೇಲೆ ಒಂದೇ ಸಲ ನಿಧಾನವಾಗಿ ಬಂದರಾಯಿತಲ್ಲ! ಅಕ್ವೇರಿಯಸ್‌ನಿಂದ ದಿನಕ್ಕೆ ಒಂಬತ್ತು ಗಂಟೆಯವರೆಗೂ ಹೊರಗೆ ನೀರಿನಲ್ಲಿ ಕೆಲಸ ಮಾಡಲು ಆಗುತ್ತದೆ. ಈ ಮನೆ ಕೊಡುವುದು ಸಮಯ. ಬೇರೆ ಏನನ್ನೂ ಅದು ಅಷ್ಟು ಚೆನ್ನಾಗಿ ಕೊಡುವುದಿಲ್ಲ. ಸೌಕರ್ಯವನ್ನಂತೂ ಅಲ್ಲ.

ಮೇಲೆ ಬರಲು ಎಷ್ಟು ಹೊತ್ತು ಬೇಕು?

ಸುಮಾರು 17 ಗಂಟೆ. ಆದರೆ ನೀರಿನಲ್ಲಿ ತೇಲುತ್ತಾ ಕಾಯಬೇಕಿಲ್ಲ. ಮನೆಯ ಒಳಬಾಗಿಲು ಭದ್ರವಾಗಿ ಮುಚ್ಚುತ್ತಾರೆ. ಮೊದಲಿಗೆ ಎಲ್ಲರೂ ಹಾಸಿಗೆಯಲ್ಲಿ ಮಲಗಿ, ಮಾಸ್ಕ್ ಹಾಕಿಕೊಂಡು, 20 ನಿಮಿಷದ ಸರದಿಗಳಲ್ಲಿ ಶುದ್ಧ ಆಮ್ಲಜನಕ ಉಸಿರಾಡುತ್ತಾರೆ. ಆಮೇಲೆ ಒಳಗಿನ ಒತ್ತಡವನ್ನು ರಾತ್ರಿಯಿಡೀ ಇಷ್ಟಿಷ್ಟೇ ಇಳಿಸುತ್ತಾ ಬರುತ್ತಾರೆ. ಬೆಳಗಾಗುವಷ್ಟರಲ್ಲಿ ಒಳಗೆ ನಮ್ಮ ನಿಮ್ಮ ಮನೆಯಲ್ಲಿ ಇರುವಷ್ಟೇ ಒತ್ತಡ.

ಇಲ್ಲೊಂದು ತಮಾಷೆ ಇದೆ. ಈಗ ಹೊರಗಿನ ನೀರಿನ ಒತ್ತಡ ಜಾಸ್ತಿ, ಒಳಗಿನದು ಕಡಿಮೆ. ಬಾಗಿಲು ತೆಗೆಯಲು ಆಗುವುದಿಲ್ಲ. ಹಾಗಾಗಿ ಒತ್ತಡವನ್ನು ಮತ್ತೆ ಬೇಗ ಏರಿಸಿ, ಬಾಗಿಲು ತೆಗೆದು, ಮೈ ಮತ್ತೆ ಸಾರಜನಕ ಹೀರುವ ಮುಂಚೆ ಎಲ್ಲರೂ ಈಜಿಕೊಂಡು ಮೇಲೆ ಬಂದುಬಿಡುತ್ತಾರೆ. ರಾತ್ರಿಯಿಡೀ ಮೇಲಕ್ಕೆ ಬಂದದ್ದೂ ಸಮುದ್ರದ ತಳದಲ್ಲೇ, ಮಲಗಿದ್ದಲ್ಲೇ.

ಒಂದು ದಿನ ಹೇಗೆ ಕಳೆಯುತ್ತದೆ?

ಬೆಳಗ್ಗೆ ಬೇಗ ಏಳುತ್ತಾರೆ. ಬಿಸಿ ನೀರಲ್ಲಿ ಕಾಫಿ, ಓಟ್ಸ್ ಥರದ್ದು ಏನಾದರೂ. ದಡದಲ್ಲಿರುವ ನಿಯಂತ್ರಣ ಕೇಂದ್ರದ ಜೊತೆ ಮಾತು: ಇವತ್ತು ಯಾರು ಯಾವ ಕಡೆ ಹೋಗುತ್ತಾರೆ, ಎಷ್ಟು ಆಳಕ್ಕೆ, ಎಷ್ಟು ಹೊತ್ತು. ಆ ಕೇಂದ್ರದಲ್ಲಿ ದಿನದ 24 ಗಂಟೆಯೂ ಯಾರಾದರೊಬ್ಬರು ಕ್ಯಾಮೆರಾ ಮತ್ತು ಮೀಟರ್‌ಗಳನ್ನು ನೋಡುತ್ತಾ ಕೂತಿರುತ್ತಾರೆ.

ಆಮೇಲೆ ಒದ್ದೆ ಜಗುಲಿಗೆ. ನಿನ್ನೆ ಕಳಚಿಟ್ಟ ವೆಟ್‌ಸೂಟ್ ಇನ್ನೂ ಒದ್ದೆಯಾಗೇ ಇರುತ್ತದೆ, ಏಕೆಂದರೆ ಅಲ್ಲಿ ಯಾವುದೂ ಒಣಗುವುದಿಲ್ಲ. ಬೆಳಗ್ಗೆಯೇ ತಣ್ಣನೆಯ ಒದ್ದೆ ರಬ್ಬರ್ ಮೈಗೆ ಏರಿಸಿಕೊಳ್ಳುವುದು ದಿನದ ಅತಿ ಕೆಟ್ಟ ಗಳಿಗೆ ಇರಬೇಕು. ಬೆನ್ನಿಗೆ ಜೋಡಿ ಸಿಲಿಂಡರ್. ಇಬ್ಬಿಬ್ಬರ ಜೋಡಿಯಾಗಿ ಹೊರಡುತ್ತಾರೆ.

ಕಾಂಕ್ ರೀಫ್ ಮೇಲೆ ಅಲ್ಲಲ್ಲಿ ಹಗ್ಗ ಎಳೆದಿದ್ದಾರೆ. ಅವುಗಳ ಗುಂಟ ಹೋಗಬೇಕು, ಅವುಗಳ ಗುಂಟವೇ ಬರಬೇಕು. ಮಾಮೂಲಿ ಡೈವರ್ ದಾರಿ ತಪ್ಪಿದರೆ ಮೇಲೆದ್ದು ದೋಣಿ ಎಲ್ಲಿದೆ ಅಂತ ನೋಡುತ್ತಾನೆ. ಇವರು ಹಾಗೆ ಮಾಡುವಂತಿಲ್ಲ. ಸಿಲಿಂಡರ್ ಖಾಲಿಯಾದರೂ, ಮಾಸ್ಕ್ ಒಡೆದರೂ, ಭಯವಾದರೂ ಇವರಿಗೆ ಸುರಕ್ಷಿತ ಜಾಗ ಅಂದರೆ ಕೆಳಗಿನ ಮನೆಯೇ. ತಲೆ ಎತ್ತಿದರೆ ಬಿಸಿಲು ಕಾಣುತ್ತದೆ, ದೋಣಿಯ ತಳ ಕಾಣುತ್ತದೆ. ಅಲ್ಲಿಗೆ ಹೋಗಲು ಮಾತ್ರ 17 ಗಂಟೆ. ತರಬೇತಿಯಲ್ಲಿ ಇದನ್ನು ತಲೆಗೆ ಇಳಿಸುವುದೇ ಕಷ್ಟದ ಕೆಲಸ. ಡೈವರ್‌ಗಳ ಕೈಕಾಲಿಗೆ ವರ್ಷಗಳಿಂದ ರೂಢಿಯಾಗಿರುವುದು ಮೇಲೇಳುವುದು.

ದೂರ ಕೆಲಸ ಇದ್ದವರಿಗಾಗಿ ರೀಫ್ ಮೇಲೆ ಸಣ್ಣ ತಂಗುದಾಣಗಳಿವೆ. ತಲೆ ತೂರಿಸುವಷ್ಟು ಗಾಳಿಗುಮ್ಮಟ. ಅಲ್ಲಿ ಬಾಯಿಂದ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿ ಕೊಡುವ ಸಾಧನ, ತೆಗೆದು ಜೊತೆಗಾರರ ಹತ್ತಿರ ಮಾತಾಡಬಹುದು, ಸಿಲಿಂಡರ್ ತುಂಬಿಕೊಳ್ಳಬಹುದು.

ಮಧ್ಯಾಹ್ನ ವಾಪಸ್ ಬಂದು ಊಟ, ಸ್ವಲ್ಪ ವಿಶ್ರಾಂತಿ, ಮತ್ತೊಂದು ಉದ್ದನೆಯ ಡೈವ್. ನೀರು 27 ಡಿಗ್ರಿ ಇದ್ದರೂ ನಾಲ್ಕು ಗಂಟೆ ಅದರಲ್ಲಿದ್ದರೆ ಮೈ ನಡುಗಲು ಶುರುವಾಗುತ್ತದೆ, ಹಸಿವಂತೂ ವಿಪರೀತ. ಸಂಜೆ ಮಾದರಿಗಳಿಗೆ ಚೀಟಿ ಅಂಟಿಸುವುದು, ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು, ಶಾಲೆಯ ಮಕ್ಕಳ ಜೊತೆ ವಿಡಿಯೋ ಮಾತುಕತೆ. ಅಷ್ಟು ಹೊತ್ತಿಗೆ ಕಿಟಕಿಯ ಬೆಳಕಿಗೆ ಮೀನುಗಳು ಮುತ್ತಿರುತ್ತವೆ. ರಾತ್ರಿ ಅಲ್ಲಿ ಯಾರು ಯಾರನ್ನು ನೋಡುತ್ತಿರುತ್ತಾರೆ ಅನ್ನುವುದೇ ಗೊತ್ತಾಗುವುದಿಲ್ಲ.

ಅಡುಗೆ ಮಾಡಬಹುದಾ?

ಒಲೆ ಹಚ್ಚುವಂತಿಲ್ಲ. ಒಳಗೆ ಗಾಳಿಯ ಒತ್ತಡ ಮೇಲಿನದಕ್ಕಿಂತ ಸುಮಾರು ಎರಡೂವರೆ ಪಟ್ಟು. ಆಮ್ಲಜನಕವೂ ಅಷ್ಟೇ ಪಟ್ಟು ದಟ್ಟ. ಬೆಂಕಿ ಹತ್ತಿದರೆ ಸುಲಭಕ್ಕೆ ಆರುವುದಿಲ್ಲ. ಅದಕ್ಕೇ ಲೈಟರ್, ಬೆಂಕಿಪೊಟ್ಟಣ ಒಳಗೆ ಬರುವಂತಿಲ್ಲ. ಇರುವುದು ಮೈಕ್ರೋವೇವ್, ಬಿಸಿನೀರಿನ ನಲ್ಲಿ, ಸಣ್ಣ ಫ್ರಿಜ್. ಒಣಗಿಸಿ ಪ್ಯಾಕ್ ಮಾಡಿದ ಊಟಕ್ಕೆ ಬಿಸಿನೀರು ಹುಯ್ದು ತಿನ್ನುವುದೇ ಹೆಚ್ಚು.

ನಮ್ಮ ಕುಕ್ಕರ್ ಸೀಟಿ ಹಾಕುವಾಗ ಒಳಗಿನ ಒತ್ತಡ ಸುಮಾರು ಎರಡು ಪಟ್ಟು ಇರುತ್ತದೆ. ಈ ಮನೆಯಲ್ಲಿ ಅದಕ್ಕಿಂತಲೂ ಜಾಸ್ತಿ. ಅಂದರೆ ಕುಕ್ಕರಿನ ಒಳಗೇ ಕೂತು ಊಟ ಮಾಡಿದ ಹಾಗೆ, ಬಿಸಿ ಒಂದಿಲ್ಲ ಅಷ್ಟೆ. ಅಲ್ಲಿ ನೀರು ಕುದಿಯಬೇಕಾದರೆ 127 ಡಿಗ್ರಿಯ ಆಸುಪಾಸು ಮುಟ್ಟಬೇಕು.

ಇನ್ನೊಂದು ದೂರು ಎಲ್ಲರದ್ದೂ: ಊಟಕ್ಕೆ ರುಚಿಯೇ ಇರುವುದಿಲ್ಲ. ಒತ್ತಡದ ಗಾಳಿಯಲ್ಲಿ ನಾಲಿಗೆ, ಮೂಗು ಎರಡೂ ಮಂಕಾಗುತ್ತವೆ. ಆದ್ದರಿಂದ ಅಲ್ಲಿ ಖಾರದ ಸಾಸ್‌ಗೆ ಎಲ್ಲಿಲ್ಲದ ಬೇಡಿಕೆ. ನಮ್ಮವರು ಯಾರಾದರೂ ಹೋದರೆ ಚಟ್ನಿಪುಡಿ, ಉಪ್ಪಿನಕಾಯಿ ಮರೆಯಬಾರದು. ಸೋಡಾ, ಕೋಲಾ ಬಾಟಲಿ ತೆಗೆದರೆ ನೊರೆ ಬರುವುದೇ ಕಷ್ಟ. ಗಾಳಿ ತುಂಬಿದ ಚಿಪ್ಸ್ ಪ್ಯಾಕೆಟ್ ಒಳಗೆ ಬರುವಷ್ಟರಲ್ಲಿ ನಜ್ಜುಗುಜ್ಜಾಗಿರುತ್ತದೆ.

ಸಾಮಾನು ಒದ್ದೆಯಾಗದೆ ಹೇಗೆ ಬರುತ್ತದೆ?

ಮುಚ್ಚಳ ಬಿಗಿದ ಲೋಹದ ಡಬ್ಬಿಗಳಲ್ಲಿ. ಬಣ್ಣ ಹೊಡೆಯುವವರು ಬಳಸುವ ಒತ್ತಡದ ಡಬ್ಬಿಗಳೇ ಅವು. ಊಟ, ಬಟ್ಟೆ, ಲ್ಯಾಪ್‌ಟಾಪ್, ಔಷಧಿ ಎಲ್ಲ ಅದರಲ್ಲಿ ಹಾಕಿ ದೋಣಿಯಿಂದ ಡೈವರ್‌ಗಳು ಹೊತ್ತು ತರುತ್ತಾರೆ. ಕಸವೂ ಹಾಗೇ ಮೇಲೆ ಹೋಗುತ್ತದೆ.

ಶೌಚಾಲಯ?

ಎಲ್ಲರೂ ಕೇಳುವ, ಆದರೆ ಕೊನೆಗೆ ಮೆಲ್ಲಗೆ ಕೇಳುವ ಪ್ರಶ್ನೆ. ಒಳಗೆ ಒಂದು ಶೌಚಾಲಯ ಇದೆ. ಅದಕ್ಕೆ ಸರಿಯಾದ ಬಾಗಿಲಿಲ್ಲ, ಪರದೆ ಇದೆ. ಆರು ಜನ ಅಂಟಿಕೊಂಡಿರುವ ಜಾಗ. ಹಾಗಾಗಿ ಬಹಳ ಮಂದಿ ಹೊರಗೆ ಈಜಿ ಹೋಗಿ, ಹತ್ತಿರದ ಗಾಳಿಗುಮ್ಮಟದ ಬಳಿ ಕೆಲಸ ಮುಗಿಸಿ ಬರುವುದನ್ನೇ ಇಷ್ಟಪಡುತ್ತಾರೆ. ಯಾರಾದರೂ ಆ ಕಡೆ ಹೊರಟರೆ ಮೀನುಗಳಿಗೆ ಗೊತ್ತಾಗಿಬಿಡುತ್ತದೆ, ಹಿಂಡು ಹಿಂಡಾಗಿ ಬರುತ್ತವೆ. ಕೆಲವು ತಾಳ್ಮೆಯಿಲ್ಲದವು ಕಚ್ಚಿದ್ದೂ ಉಂಟಂತೆ. ಇದಕ್ಕಿಂತ ಹೆಚ್ಚು ವಿವರ ಬೇಡ ಅಲ್ವಾ?

ಗಾಳಿ, ಕರೆಂಟು ಎಲ್ಲಿಂದ?

ಮನೆಯ ನೆತ್ತಿಯ ಮೇಲೆ ಸಮುದ್ರದಲ್ಲಿ ಹತ್ತು ಮೀಟರ್ ಅಗಲದ ದೊಡ್ಡ ತೇಲುಬುರುಡೆ ಲಂಗರು ಹಾಕಿಕೊಂಡಿದೆ. ಅದರಲ್ಲಿ ಜನರೇಟರ್, ಗಾಳಿ ತುಂಬುವ ಕಂಪ್ರೆಸರ್, ದಡದ ಜೊತೆ ಮಾತಾಡುವ ಆಂಟೆನಾ. ಅಲ್ಲಿಂದ ದಪ್ಪ ಕೊಳವೆ ಮತ್ತು ಕೇಬಲ್ಲುಗಳ ಕಂತೆ ಕೆಳಗೆ ಮನೆಗೆ ಇಳಿಯುತ್ತದೆ. ಒಳಗೆ ಉಸಿರು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಲು ರಾಸಾಯನಿಕ ತುಂಬಿದ ಫಿಲ್ಟರ್‌ಗಳಿವೆ. ತೇಲುಬುರುಡೆ ಕೈಕೊಟ್ಟರೆ ಬಳಸಲು ಮನೆಯಲ್ಲೇ ಸಿಲಿಂಡರುಗಳಲ್ಲಿ ಗಾಳಿ ಕೂಡಿಟ್ಟಿರುತ್ತಾರೆ.

ನಿದ್ದೆ ಬರುತ್ತಾ?

ದಣಿವಿಗೆ ಬರುತ್ತದೆ. ಗದ್ದಲ ಮಾತ್ರ ಕಡಿಮೆಯಿಲ್ಲ. ಫ್ಯಾನು, ಪಂಪು, ಗಾಳಿ ನುಗ್ಗುವ ಸದ್ದು. ಹೊರಗಿನಿಂದ ಸಿಗಡಿಗಳ ಚಟಪಟ ಇಡೀ ರಾತ್ರಿ. ಮೂರರ ಮೇಲೆ ಮೂರು ಹಾಸಿಗೆ, ಅಂಥ ಎರಡು ಸಾಲು. ಮೇಲೆ ಅಲೆ ಜೋರಾದರೆ ಕೆಳಗೆ ಒತ್ತಡವೂ ಏರಿಳಿಯುತ್ತದೆ, ಮಲಗಿದ್ದಲ್ಲೇ ಕಿವಿ ಪಟ್ ಅನ್ನುತ್ತದೆ.

ಮಾತು, ಫೋನು, ಇಂಟರ್ನೆಟ್?

ಎಲ್ಲ ಇದೆ. ದಟ್ಟ ಗಾಳಿಯಿಂದ ಧ್ವನಿ ಸ್ವಲ್ಪ ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತದೆ. ಸಿಳ್ಳೆ ಹಾಕಲು ಹೋದರೆ ಬರುವುದೇ ಇಲ್ಲ.

ಇನ್ನೂ ಆಳದ ಮನೆಗಳಲ್ಲಿ ಸಾರಜನಕದ ಬದಲು ಹೀಲಿಯಂ ಬೆರೆಸಬೇಕಾಗುತ್ತದೆ, ಇಲ್ಲದಿದ್ದರೆ ಕುಡಿದವರ ಹಾಗೆ ಅಮಲೇರುತ್ತದೆ. ಹೀಲಿಯಂ ಉಸಿರಾಡಿದರೆ ಧ್ವನಿ ಕೀರಲಾಗುತ್ತದೆ. 1965ರಲ್ಲಿ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ಅಮೆರಿಕ ನೌಕಾಪಡೆಯ ‘ಸೀಲ್ಯಾಬ್ 2’ ಎಂಬ ಕಡಲ ತಳದ ಮನೆಯಲ್ಲಿ 30 ದಿನ ಇದ್ದು ಬಂದರು. ಒತ್ತಡ ಇಳಿಸುವ ಕೋಣೆಯಿಂದಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ಜೊತೆ ಫೋನಿನಲ್ಲಿ ಮಾತಾಡಿದರು, ಅದೇ ಕೀರಲು ದನಿಯಲ್ಲಿ. ಆ ಧ್ವನಿಮುದ್ರಣ ಈಗಲೂ ಇದೆ. ಇಬ್ಬರೂ ಗಂಭೀರವಾಗಿಯೇ ಮಾತಾಡುತ್ತಾರೆ, ಕೇಳುವ ನಮಗೆ ಮಾತ್ರ ನಗು ತಡೆಯಲಾಗುವುದಿಲ್ಲ.

ಕಾಯಿಲೆ ಬಂದರೆ?

ಬರುವುದು ಸಣ್ಣ ಪುಟ್ಟವೇ, ಆದರೆ ಕಾಡುತ್ತವೆ. ದಿನವಿಡೀ ನೀರು, ಆಮೇಲೆ ತೇವದ ಗಾಳಿ. ಕಿವಿಗೆ ಸೋಂಕು ಬೇಗ ತಗಲುತ್ತದೆ. ಅದಕ್ಕೇ ಡೈವ್ ಆದ ಮೇಲೆ ಕಿವಿಗೆ ಔಷಧಿ ಬಿಟ್ಟುಕೊಂಡು ಕೆಲವು ನಿಮಿಷ ತಲೆ ವಾಲಿಸಿ ಕೂರುವುದು ಅಲ್ಲಿ ಕಡ್ಡಾಯ. ವೆಟ್‌ಸೂಟ್ ತಿಕ್ಕಿದ ಕಡೆ ಮೈ ಕೆಂಪಾಗುತ್ತದೆ. ಹವಳ ತರಚಿದ ಗಾಯ ಬೇಗ ಮಾಯುವುದಿಲ್ಲ.

ದೊಡ್ಡ ಕಾಯಿಲೆಯಾದರೆ ವೈದ್ಯರೇ ಈಜಿ ಇಳಿದು ಬರಬೇಕು. ರೋಗಿಯನ್ನು ಥಟ್ಟನೆ ಮೇಲೆತ್ತಲು ಆಗುವುದಿಲ್ಲವಲ್ಲ. ಈ ತೊಡಕೇ ಒಂದು ಪ್ರಯೋಗಕ್ಕೆ ದಾರಿಯಾಯಿತು. 2004ರಲ್ಲಿ ನಾಸಾ ತಂಡವೊಂದು ಇಲ್ಲಿದ್ದಾಗ, ಕೆನಡಾದ ಒಂಟಾರಿಯೋದಲ್ಲಿ ಕೂತ ಶಸ್ತ್ರವೈದ್ಯರು ದೂರದಿಂದಲೇ ಶಸ್ತ್ರಚಿಕಿತ್ಸೆ ಹೇಳಿಕೊಟ್ಟು, ರೋಬೋಟ್ ಮೂಲಕ ಮಾಡಿಸಿಯೂ ನೋಡಿದರು. ರೋಗಿಯ ಜಾಗದಲ್ಲಿ ಇದ್ದದ್ದು ಬೊಂಬೆ, ಗಾಬರಿ ಬೇಡ.

ನಾಸಾಗೆ ಸಮುದ್ರದಲ್ಲಿ ಏನು ಕೆಲಸ?

ಇಕ್ಕಟ್ಟಾದ ಜಾಗ, ಹೊರಗೆ ಉಸಿರಾಡಲಾಗದ ಲೋಕ, ಬೇಕೆಂದಾಗ ಮನೆಗೆ ಓಡಲು ಆಗದ ಸ್ಥಿತಿ. ಬಾಹ್ಯಾಕಾಶಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಭೂಮಿಯ ಮೇಲೆ ಕಡಿಮೆ. 2001ರಿಂದ 2019ರವರೆಗೆ ನಾಸಾ ‘ನೀಮೋ’ ಎಂಬ ಹೆಸರಿನಲ್ಲಿ ತಂಡಗಳನ್ನು ಅಕ್ವೇರಿಯಸ್‌ಗೆ ಕಳಿಸಿತು. ಡೈವರ್‌ಗಳಿಗೆ ಬೇಕಾದಷ್ಟೇ ತೂಕ ಕಟ್ಟಿ, ಚಂದ್ರನ ಮೇಲೋ ಮಂಗಳನ ಮೇಲೋ ನಡೆದರೆ ಹೇಗಿರುತ್ತದೆ ಅನ್ನುವುದನ್ನು ತಳದ ಮರಳಿನ ಮೇಲೆ ಅಭ್ಯಾಸ ಮಾಡಿಸಿದರು. ಮಂಗಳದಿಂದ ಮಾತು ತಲುಪಲು ನಿಮಿಷಗಟ್ಟಲೆ ಬೇಕಲ್ಲ, ಅದಕ್ಕಾಗಿ ದಡದ ಜೊತೆ ಬೇಕೆಂದೇ ತಡವಾಗಿ ಮಾತಾಡಿದ ತಂಡಗಳೂ ಉಂಟು.

ನಮಗೆಲ್ಲ ಗೊತ್ತಿರುವ ಸುನೀತಾ ವಿಲಿಯಮ್ಸ್ 2002ರ ಮೇ ತಿಂಗಳಲ್ಲಿ ಎರಡನೇ ನೀಮೋ ತಂಡದಲ್ಲಿದ್ದರು. ಅವರು ಮೊದಲ ಸಲ ಬಾಹ್ಯಾಕಾಶಕ್ಕೆ ಹೋದದ್ದು 2006ರ ಡಿಸೆಂಬರ್‌ನಲ್ಲಿ. ಅಂದರೆ ಸಮುದ್ರದ ತಳದ ವಾಸ ಮೊದಲು, ಆಕಾಶ ಆಮೇಲೆ.

ಇಷ್ಟೆಲ್ಲ ಕಷ್ಟಪಟ್ಟು ಕಂಡುಕೊಂಡದ್ದಾದರೂ ಏನು?

ಒಂದು ಉದಾಹರಣೆ ನನಗೆ ಬಹಳ ಇಷ್ಟ. ಹವಳದ ಮೇಲೆ ಪಾಚಿ ಬೆಳೆದರೆ ಹವಳ ಉಸಿರುಗಟ್ಟುತ್ತದೆ. ಪಾಚಿ ತಿನ್ನುವ ಮೀನುಗಳು ಅದನ್ನು ಕಾಯುತ್ತವೆ. ಮೀನು ಜಾಸ್ತಿ ಇದ್ದರೆ ಸಾಕಾ, ಬೇರೆ ಬೇರೆ ಜಾತಿಯ ಮೀನು ಬೇಕಾ? ಇದನ್ನು ನೋಡಲು ಡೆರಾನ್ ಬರ್ಕ್‌ಪೈಲ್, ಮಾರ್ಕ್ ಹೇ ಎಂಬ ವಿಜ್ಞಾನಿಗಳು ಕಾಂಕ್ ರೀಫ್ ಮೇಲೆ ದೊಡ್ಡ ಪಂಜರಗಳನ್ನು ಕಟ್ಟಿಸಿದರು. ಕೆಲವದರಲ್ಲಿ ಒಂದು ಜಾತಿಯ ಗಿಳಿಮೀನು, ಕೆಲವದರಲ್ಲಿ ಸರ್ಜನ್ ಮೀನು, ಕೆಲವದರಲ್ಲಿ ಎರಡೂ. ತಿಂಗಳುಗಟ್ಟಲೆ ಕಾದರು. ಒಂದು ಜಾತಿ ಬಿಟ್ಟ ಪಾಚಿಯನ್ನು ಇನ್ನೊಂದು ತಿನ್ನುತ್ತಿತ್ತು. ಎರಡೂ ಇದ್ದ ಪಂಜರದಲ್ಲಿ ಪಾಚಿ ಕಡಿಮೆಯಾಗಿ ಹವಳ ಚೆನ್ನಾಗಿ ಬೆಳೆಯಿತು. 2008ರಲ್ಲಿ ಇದು ಪ್ರಕಟವಾಯಿತು. ಮೀನುಗಾರಿಕೆ ನಿಯಮ ಮಾಡುವವರಿಗೆ ನೇರವಾಗಿ ಉಪಯೋಗಕ್ಕೆ ಬರುವ ವಿಷಯ ಇದು. ಸಮುದ್ರದ ತಳದಲ್ಲಿ ಸಾಲು ಸಾಲು ಪಂಜರ ಕಟ್ಟಿ, ತಿಕ್ಕಿ ತೊಳೆದು, ಒಳಗಿನ ಪಾಚಿಯನ್ನು ಇಂಚಿಂಚಾಗಿ ಅಳೆಯುವುದು ಒಂದು ಗಂಟೆಯ ಡೈವ್‌ಗಳಲ್ಲಿ ಮುಗಿಯುವ ಕೆಲಸವೇ?

ಅದೇ ರೀಫ್‌ನಲ್ಲಿ ಆಳೆತ್ತರದ ಪೀಪಾಯಿ ಸ್ಪಂಜುಗಳೆಂಬ ಕಡಲ ಜೀವಿಗಳಿವೆ. ವರ್ಷಗಟ್ಟಲೆ ಅಳೆದು ನೋಡಿದಾಗ ಅಲ್ಲಿನ ದೊಡ್ಡವು ನೂರು ವರ್ಷ ದಾಟಿವೆ ಎಂದು ಲೆಕ್ಕ ಸಿಕ್ಕಿತು. ಆಳದಿಂದ ತಣ್ಣೀರಿನ ಅಲೆಗಳು ರೀಫ್ ಮೇಲೆ ಉಕ್ಕಿ ಬಂದು, ಕೆಲವೇ ನಿಮಿಷದಲ್ಲಿ ಹಲವು ಡಿಗ್ರಿ ತಣಿಸಿ ಹೋಗುವುದನ್ನೂ ಅಲ್ಲಿ ದಾಖಲಿಸಿದ್ದಾರೆ. ಆ ನೀರು ಜೊತೆಗೆ ಪೋಷಕಾಂಶವನ್ನೂ ಹೊತ್ತು ತರುತ್ತದೆ.

ಅಪಾಯ ಇಲ್ವಾ?

ಇದೆ. 1994ರಲ್ಲಿ ಬಿರುಗಾಳಿಯ ಹೊತ್ತಿನಲ್ಲೇ ಜನರೇಟರ್‌ಗೆ ಬೆಂಕಿ ಬಿತ್ತು. ಒಳಗಿದ್ದವರು ಆಳೆತ್ತರಕ್ಕೂ ಮೀರಿದ ಅಲೆಗಳ ನಡುವೆ ಹಗ್ಗ ಹಿಡಿದು ಮೇಲೇರಬೇಕಾಯಿತು. 2009ರಲ್ಲಿ ಅಕ್ವೇರಿಯಸ್ ಸಿಬ್ಬಂದಿಯ ಡೈವರ್ ಒಬ್ಬರು ಹೊರಗೆ ರಿಬ್ರೀದರ್ (ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡುವ ಸಾಧನ) ಬಳಸಿ ಕೆಲಸ ಮಾಡುತ್ತಿದ್ದಾಗ ತೀರಿಕೊಂಡರು. ಅದಕ್ಕೂ ಹಿಂದೆ, 1969ರಲ್ಲಿ, ಅಮೆರಿಕ ನೌಕಾಪಡೆಯ ‘ಸೀಲ್ಯಾಬ್ 3’ರಲ್ಲಿ ಬೆರಿ ಕ್ಯಾನನ್ ಎಂಬ ಡೈವರ್ ಸತ್ತರು. ಆ ಯೋಜನೆ ಅಲ್ಲಿಗೇ ನಿಂತಿತು.

ಚಂಡಮಾರುತದ ಸುದ್ದಿ ಬಂದರೆ ಒತ್ತಡ ಇಳಿಸಲು ಬೇಕಾದ ಹೊತ್ತು ಲೆಕ್ಕ ಹಾಕಿ ಮೊದಲೇ ಖಾಲಿ ಮಾಡಿಸುತ್ತಾರೆ. 2011ರಲ್ಲಿ ಒಂದು ನೀಮೋ ತಂಡ ಹೀಗೇ ಅರ್ಧಕ್ಕೆ ಎದ್ದು ಬಂತು. 2017ರಲ್ಲಿ ಇರ್ಮಾ ಚಂಡಮಾರುತ ಆ ದೊಡ್ಡ ತೇಲುಬುರುಡೆಯನ್ನೇ ಕಿತ್ತು 20 ಕಿಲೋಮೀಟರಿಗೂ ದೂರ ಎಸೆಯಿತು. ಆಗ ಒಳಗೆ ಯಾರೂ ಇರಲಿಲ್ಲ.

ಶಾರ್ಕ್? ಎಲ್ಲರೂ ಕೇಳುತ್ತಾರೆ. ಅದರ ಬಗ್ಗೆ ಅಲ್ಲಿ ಇದ್ದು ಬಂದವರು ತಲೆ ಕೆಡಿಸಿಕೊಳ್ಳುವುದು ಕಡಿಮೆ.

ಇಂಥ ಮನೆ ಮೊದಲು ಮಾಡಿದ್ದು ಯಾರು?

1962ರ ಸೆಪ್ಟೆಂಬರ್‌ನಲ್ಲಿ ಎರಡು ಪ್ರಯತ್ನ ಬೆನ್ನುಬೆನ್ನಿಗೇ ನಡೆದವು. ಬೆಲ್ಜಿಯಂನ ರೋಬೇರ್ ಸ್ಟೆನ್ವಿ ಮೆಡಿಟರೇನಿಯನ್‌ನಲ್ಲಿ ಸುಮಾರು 60 ಮೀಟರ್ ಆಳದಲ್ಲಿ ಸಣ್ಣ ಸಿಲಿಂಡರ್ ಒಳಗೆ ಒಂದು ದಿನ ಕಳೆದರು. ಕೆಲವೇ ದಿನಗಳಲ್ಲಿ ಹೆಸರಾಂತ ಫ್ರೆಂಚ್ ಸಮುದ್ರಶೋಧಕ ಜಾಕ್ ಕುಸ್ತೋ ಅವರ ತಂಡದ ಇಬ್ಬರು ಫ್ರಾನ್ಸಿನ ಮಾರ್ಸೆ ಹತ್ತಿರ ಹತ್ತು ಮೀಟರ್ ಆಳದಲ್ಲಿ ಒಂದು ವಾರ ಇದ್ದರು. ಮರುವರ್ಷ ಕುಸ್ತೋ ಸೂಡಾನ್ ಬಳಿ ಕೆಂಪು ಸಮುದ್ರದ ತಳದಲ್ಲಿ ಪುಟ್ಟ ಹಳ್ಳಿಯನ್ನೇ ಕಟ್ಟಿ, ಜನರನ್ನು ತಿಂಗಳು ಇರಿಸಿದರು. ಅದರ ಅವಶೇಷ ಈಗಲೂ ಅಲ್ಲಿದೆ, ಡೈವರ್‌ಗಳು ನೋಡಲು ಹೋಗುತ್ತಾರೆ. 2014ರಲ್ಲಿ ಅವರ ಮೊಮ್ಮಗ ಫಾಬಿಯನ್ ಕುಸ್ತೋ ಅಕ್ವೇರಿಯಸ್‌ನಲ್ಲಿ 31 ದಿನ ಇದ್ದರು. ತಾತನಿಗಿಂತ ಒಂದು ದಿನ ಜಾಸ್ತಿ ಇರಲೇಬೇಕು ಅನ್ನುವ ಹಟ ಅದು.

ಹೆಂಗಸರೂ ಹೋಗಿದ್ದಾರಾ?

1970ರಲ್ಲೇ. ವರ್ಜಿನ್ ದ್ವೀಪಗಳ ‘ಟೆಕ್ಟೈಟ್ 2’ ಯೋಜನೆಯಲ್ಲಿ ಸಿಲ್ವಿಯಾ ಅರ್ಲ್ ಮುಂದಾಳುತನದಲ್ಲಿ ಐವರು ಮಹಿಳೆಯರ ತಂಡ ಎರಡು ವಾರ ಕೆಳಗಿತ್ತು. ನಾಲ್ವರು ವಿಜ್ಞಾನಿಗಳು, ಒಬ್ಬರು ಎಂಜಿನಿಯರ್. ಗಂಡಸರು, ಹೆಂಗಸರು ಒಟ್ಟಿಗೆ ಇರುವುದು ಆಗಿನ ಅಧಿಕಾರಿಗಳಿಗೆ ಸರಿ ಕಾಣದೆ ಬೇರೆಯೇ ತಂಡ ಮಾಡಿದ್ದು. ಪತ್ರಿಕೆಗಳಿಗೆ ಅವರ ಕೆಲಸಕ್ಕಿಂತ ಕೂದಲು ಒಣಗಿಸುವ ಯಂತ್ರದ ಮೇಲೇ ಕುತೂಹಲ. ಐವರೂ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಹವಳದಲ್ಲಿ ಕೆಲಸ ಮಾಡಿ ಬಂದರು. ಈಗ ತಂಡಗಳು ಬೆರಕೆಯೇ.

ನಮ್ಮ ದೇಶದಲ್ಲಿ ಇಂಥದ್ದು ಇದೆಯಾ?

ಈ ಥರದ ಮನೆ ಅಂತಲ್ಲ, ಆದರೆ ಇದೇ ವಿದ್ಯೆ ಇದೆ. ಬಾಂಬೆ ಹೈ ತೈಲಬಾವಿಗಳಲ್ಲಿ ಸ್ಯಾಚುರೇಷನ್ ಡೈವರ್‌ಗಳು ಕೆಲಸ ಮಾಡುತ್ತಾರೆ. 2025ರ ಜುಲೈಯಲ್ಲಿ ವಿಶಾಖಪಟ್ಟಣದಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್ ನಿಸ್ತಾರ್ ಹಡಗಿನಲ್ಲಿ 300 ಮೀಟರ್ ಆಳದವರೆಗಿನ ಸ್ಯಾಚುರೇಷನ್ ವ್ಯವಸ್ಥೆ ಇದೆ. ಅಲ್ಲಿ ಮನೆ ಸಮುದ್ರದ ತಳದಲ್ಲಲ್ಲ, ಹಡಗಿನ ಮೇಲೆ. ಡೈವರ್‌ಗಳು ಹಡಗಿನ ಒತ್ತಡದ ಕೋಣೆಯಲ್ಲೇ ವಾಸ ಮಾಡಿ, ಕೆಲಸಕ್ಕೆ ಗಂಟೆಯಾಕಾರದ ತೊಟ್ಟಿಲಿನಲ್ಲಿ ಇಳಿಯುತ್ತಾರೆ.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಮತ್ಸ್ಯ 6000 ಬೇರೆ ಜಾತಿ. ಟೈಟಾನಿಯಂ ಗೋಳದೊಳಗೆ ಮಾಮೂಲಿ ಒತ್ತಡದಲ್ಲಿ ಮೂವರು ಕೂತು 6000 ಮೀಟರ್ ಆಳಕ್ಕೆ ಹೋಗಿ ಬರುವ ಯೋಜನೆ ಅದು. ಹೊರಗೆ ಇಳಿಯುವ ಪ್ರಶ್ನೆಯೇ ಇಲ್ಲ.

ಕರ್ನಾಟಕದಲ್ಲಿ ಹವಳ ನೋಡಬೇಕಾದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಬೇಕು. ಮಳೆಗಾಲದಲ್ಲಿ ಅದೂ ಬಂದ್. ಆ ಅಲೆಗಳನ್ನು ನೋಡಿದರೆ ಅಲ್ಲಿ ತೇಲುಬುರುಡೆ ನಿಲ್ಲಿಸುವ ಮಾತು ನನಗಂತೂ ನಂಬಿಕೆ ಹುಟ್ಟಿಸುವುದಿಲ್ಲ.

ನನ್ನಂಥವರು ಹೋಗಿ ಇದ್ದು ಬರಬಹುದಾ?

ಅಕ್ವೇರಿಯಸ್‌ಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ಸಂಶೋಧನೆಯ ಕೆಲಸ ಇರಬೇಕು, ಒಳ್ಳೆಯ ಡೈವರ್ ಆಗಿರಬೇಕು, ಹೊರಡುವ ಮುಂಚೆ ಅವರದೇ ತರಬೇತಿ ಮುಗಿಸಬೇಕು. ಮಾಸ್ಕ್ ಇಲ್ಲದೆ ಈಜಿ ಗಾಳಿ ಹುಡುಕಿಕೊಳ್ಳುವುದು, ಕಣ್ಣಿಗೆ ಏನೂ ಕಾಣದಿದ್ದರೂ ಹಗ್ಗ ಹಿಡಿದು ಮನೆ ತಲುಪುವುದು, ಇಂಥವು.

ಆದರೆ ಕೀ ಲಾರ್ಗೋದಲ್ಲೇ ‘ಜೂಲ್ಸ್ ಅಂಡರ್‌ಸೀ ಲಾಡ್ಜ್’ ಇದೆ. ಹಿಂದೆ ಲಾ ಚಲೂಪಾ ಎಂಬ ಸಂಶೋಧನಾ ಮನೆಯಾಗಿದ್ದದ್ದು ಈಗ ಹೋಟೆಲ್. ಬಾಗಿಲು ಆರೇಳು ಮೀಟರ್ ಆಳದಲ್ಲಿ, ಡೈವ್ ಮಾಡಿಯೇ ಒಳಗೆ ಹೋಗಬೇಕು. 2023ರಲ್ಲಿ ಜೋಸೆಫ್ ಡಿಟೂರಿ ಎಂಬ ಪ್ರಾಧ್ಯಾಪಕರು ಅಲ್ಲಿ 100 ದಿನ ಇದ್ದರು. ಅಷ್ಟು ಕಡಿಮೆ ಆಳದಲ್ಲಿ ಒಂದು ರಾತ್ರಿ ಮಲಗಿ ಬಂದರೆ 17 ಗಂಟೆಯ ಕಥೆ ಇಲ್ಲ. ಆದರೂ ಬಂದ ದಿನವೇ ವಿಮಾನ ಹತ್ತುವಂತಿಲ್ಲ, ಕನಿಷ್ಠ ಒಂದು ದಿನ ಬಿಡಬೇಕು. ಮೇಲಿನ ಗಾಳಿ ಇನ್ನೂ ತೆಳು, ಮೈಯಲ್ಲಿ ಉಳಿದ ಸಾರಜನಕ ಅಲ್ಲಿಯೂ ಗುಳ್ಳೆಯಾಗಬಲ್ಲದು. ಟಿಕೆಟ್ ಮಾಡಿಸುವಾಗ ಇದನ್ನು ನೋಡಿಕೊಳ್ಳಿ.